ರನ್ ಎಂಬ ಕ್ರಿಯಾಪದ

ಕೊಡಗಿನ ದಕ್ಷಿಣಭಾಗದಲ್ಲಿ, ಪೊನ್ನಂಪೇಟೆಯಿಂದ ಕುಟ್ಟಕ್ಕೆ ಹೋಗುವ ದಾರಿಯಲ್ಲಿ, ಶ್ರೀಮಂಗಲವೆಂಬ ಊರುಂಟು. ಕೆಲವು ವರ್ಷಗಳ ಹಿಂದೆ, ಹುತ್ತರಿಯ ಸಮಯದಲ್ಲಿ, ನಾವು ಅಲ್ಲಿಯ ಒಂದು ಮನೆಯಲ್ಲಿ ನಾಲ್ಕು ದಿನ ಅತಿಥಿಗಳಾಗಿದ್ದೆವು. ಯಜಮಾನರು ವೃದ್ಧರು. ಪೇಟೆಯಲ್ಲಿದ್ದ ಅವರ ಮಳಿಗೆಯು ವ್ಯಾಪಾರಿಯೊಬ್ಬನ ಗುತ್ತಿಗೆಯಲ್ಲಿತ್ತು; ಕರಾರುಪತ್ರವು ತೀರಿಹೋದ ಅಣ್ಣನವರ ಕಾಗದಗಳ ನಡುವೆ ಎಲ್ಲಿಯೋ ಸೇರಿಹೋಗಿತ್ತು. ಮಳಿಗೆಯನ್ನು ಬಿಡಿಸಿಕೊಂಡು ತಂಗಿಯ ಮಗನಿಗೆ ಅಂಗಡಿ ಇಟ್ಟುಕೊಡಬೇಕೆಂಬುದು ಅವರ ಇಚ್ಛೆ. ಅಷ್ಟರಲ್ಲಿ ವ್ಯಾಪಾರಿಯ ವಕೀಲರಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತು. ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗನು ಅದನ್ನು ನೋಡಿ, ‘ಗುತ್ತಿಗೆ ಮೂರು ವರ್ಷ ಓಡಿದೆ, ಅಜ್ಜ’ ಎಂದನು. ಹಾಗಾದರೆ ಅವಧಿ ತೀರಿತೆಂದು ತಿಳಿದು, ಮರುದಿನವೇ ಮಳಿಗೆಗೆ ಬೀಗ ಹಾಕಿಸುವುದೆಂದು ಯಜಮಾನರು ನಿಶ್ಚಯಿಸಿದರು.

ಕಾಗದವು ನಮ್ಮ ಕೈಗೆ ಬಂದುದು ಕೇವಲ ಆಕಸ್ಮಿಕ. ಅದರಲ್ಲಿ ಇದ್ದುದು ‘ದಿ ಲೀಸ್ ಹ್ಯಾಸ್ ತ್ರೀ ಇಯರ್ಸ್ ಟು ರನ್’ ಎಂದು. ಗುತ್ತಿಗೆಗೆ ಇನ್ನೂ ಮೂರು ವರ್ಷ ಉಂಟು ಎಂಬುದು ಅದರ ತಾತ್ಪರ್ಯ. ‘ಟು’ ಎಂಬ ಅಲ್ಪಾಕ್ಷರವನ್ನು ಕಾಣದೆ ಹೋದುದರಿಂದ ಮುಂದಿನ ಕಾಲವು ಹಿಂದಿನ ಕಾಲವಾಗಿತ್ತು. ಹುಡುಗನು ಮುಖ ತಗ್ಗಿಸಿಕೊಂಡು ಹೊರಗೆ ಹೋದನು; ಊಟಕ್ಕೂ ಬರಲಿಲ್ಲ.

ಅವನು ದಡ್ಡನಲ್ಲ. ರನ್ ಎಂದರೆ ಓಡು ಎಂದು ಅವನಿಗೆ ಕಲಿಸಿದವರು ನಮ್ಮಂಥ ಉಪಾಧ್ಯಾಯರೇ. 1884ರಲ್ಲಿ ಮೊದಲ ಸಂಚಿಕೆ ಹೊರಟು 1928ರಲ್ಲಿ ಪೂರ್ತಿಯಾದ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಅತಿ ದೀರ್ಘವಾದ ಸ್ಥಾನವು ‘ಸೆಟ್’ ಎಂಬ ಪದಕ್ಕೆ ದೊರೆತಿತ್ತು. ಪರಿಷ್ಕರಣವು ನಡೆಯುತ್ತಿರಲಾಗಿ, 2011ರಲ್ಲಿ ‘ರನ್’ ಅದನ್ನು ಮೀರಿತು. ಕ್ರಿಯಾಪದವೊಂದಕ್ಕೇ 645 ಅರ್ಥಗಳೆಂದು ಲೆಕ್ಕವಾಯಿತು. ಯಂತ್ರಗಳು ಬಂದಮೇಲೆ ಕಾಲಿಲ್ಲದ ವಸ್ತುಗಳೆಲ್ಲವೂ ಈ ಕ್ರಿಯಾಪದವನ್ನು ಹಿಡಿದು ನಡೆಯತೊಡಗಿದುದು ಈ ವೃದ್ಧಿಗೆ ಒಂದು ಕಾರಣ.

ಶ್ರೀಮಂಗಲದಲ್ಲಿಯೇ ನಿಂತು ನೋಡೋಣ. ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥವು ಇರ್ಪಿನಲ್ಲಿ ಧುಮುಕಿ ಮುಂದೆ ಸಾಗುವುದು ರನ್; ಕುಟ್ಟದ ರಸ್ತೆ ಬೆಟ್ಟದ ಪಕ್ಕದಲ್ಲಿ ಚಾಚಿರುವುದು ರನ್; ಕಾಫಿತೋಟದ ಆಡಳಿತ ರನ್; ಆಷಾಢದ ಮಳೆಯಲ್ಲಿ ನೆಗಡಿಯಾದವನ ಮೂಗೂ ರನ್; ಹೊಸ ಸೀರೆಯನ್ನು ಒಗೆದಾಗ ಅದರ ಕೆಂಪು ಮಾಡುವುದೂ ರನ್. ಕನ್ನಡವಾದರೋ ಪ್ರತಿಯೊಂದು ವಸ್ತುವಿಗೂ ತಕ್ಕ ಕ್ರಿಯೆಯನ್ನು ಬೇರೆಯಾಗಿ ಇಟ್ಟಿದೆ. ನದಿ ಹರಿಯುತ್ತದೆ, ರಸ್ತೆ ಹೋಗುತ್ತದೆ, ತೋಟವನ್ನು ನಡೆಸುತ್ತಾರೆ, ಮೂಗು ಸೋರುತ್ತದೆ, ಸೀರೆ ಬಣ್ಣ ಬಿಡುತ್ತದೆ. ಗುತ್ತಿಗೆಗೆ ನಾವು ಚಲನೆಯನ್ನೇ ಕೊಡಲಿಲ್ಲ. ‘ಉಂಟು’ ಎಂದರೆ ಸಾಕಾಯಿತು. ಆದಕಾರಣ ರನ್ ಎಂದರೇನೆಂದು ಕೇಳುವುದಕ್ಕೆ ಮೊದಲು, ರನ್ ಆಗುತ್ತಿರುವುದು ಯಾವುದು ಎಂದು ಕೇಳತಕ್ಕದ್ದು. ಇದರಲ್ಲಿ ವಿನೋದವೂ ಉಂಟು. ಚುನಾವಣೆಯ ಉಮೇದುವಾರನು ಅಮೆರಿಕದಲ್ಲಿ ಓಡುತ್ತಾನೆ, ಇಂಗ್ಲೆಂಡಿನಲ್ಲಿ ನಿಲ್ಲುತ್ತಾನೆ. ನಮ್ಮವನೂ ನಿಲ್ಲುವವನೇ, ಗೆದ್ದಮೇಲೆ ಅವನು ಮಾಡುವುದು ವ್ಯಾಕರಣಕ್ಕೆ ಸೇರಿದ ವಿಷಯವಲ್ಲ.

ಹಾಗೆಂದು, ಇಂಗ್ಲಿಷೇ ಗೊಂದಲದ ಭಾಷೆ, ನಮ್ಮದು ಸರಳವೆಂದು ಹೆಮ್ಮೆಪಡಬೇಕಾಗಿಲ್ಲ. ಹಳಗನ್ನಡದ ‘ಪರಿ’ ಎಂಬ ಧಾತುವಿಗೆ ಓಡುವುದೂ ಅರ್ಥ, ಪ್ರವಹಿಸುವುದೂ ಅರ್ಥ. ಅಷ್ಟರಮಟ್ಟಿಗೆ ಅದು ರನ್ನಿನ ಸೋದರನೇ ಸರಿ. ಮುಂದೆ ಪಕಾರವು ಹಕಾರವಾಯಿತು. ಈ ಮಾರ್ಪಾಟನ್ನು ಶ್ರೀಮಂಗಲದವರಿಗೆ ವಿವರಿಸಬೇಕಾದುದಿಲ್ಲ; ಅವರ ಮನೆಮಾತಿನ ಪುತ್ತರಿಯೇ ನಮ್ಮ ಹುತ್ತರಿ. ಇದಲ್ಲದೆ, ಶಕಟರೇಫವುಳ್ಳ ‘ಪಱಿ’ ಎಂಬ ಇನ್ನೊಂದು ಧಾತುವಿತ್ತು; ಕೀಳು, ಕಡಿದುಹೋಗು ಎಂದು ಅದರ ಅರ್ಥ. ಬರವಣಿಗೆಯಲ್ಲಿ ಱಕಾರವು ಲೋಪವಾದಮೇಲೆ ಇವೆರಡೂ ಒಂದೇ ರೂಪದಲ್ಲಿ ಬೆರೆತುಹೋದುವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಪಾದ್ರಿಗಳ ನಿಘಂಟನ್ನು ತೆರೆಯುವವರೆಗೆ ನಮ್ಮಲ್ಲಿ ಅನೇಕರಿಗೆ ಈ ಭೇದವೇ ತೋರದು. ಈಗ ಹೊಳೆಯೂ ಹರಿಯುತ್ತದೆ, ಪಂಚೆಯೂ ಹರಿಯುತ್ತದೆ. ಬೆಳಗೂ ಹರಿಯುತ್ತದೆ, ಸಾಲವೂ ಹರಿಯುತ್ತದೆ, ಹಾವೂ ಹರಿಯುತ್ತದೆ.

ಸಂಜೆ ಕಣದ ಬದಿಯಲ್ಲಿ ಕುಳಿತಿದ್ದ ಆ ಹುಡುಗನಿಗೆ ನಾವು ಇದನ್ನೇ ಹೇಳಿದೆವು. ಕನ್ನಡ ಕಲಿಯುವ ಇಂಗ್ಲಿಷಿನವನಿಗೆ ‘ಅಜ್ಜನ ಪಂಚೆ ಹರಿಯಿತು’ ಎಂದು ಯಾರಾದರೂ ಬರೆದರೆ, ಅವನು ನಿಘಂಟನ್ನು ನೋಡಿ, ಪಂಚೆಯು ಲಕ್ಷ್ಮಣತೀರ್ಥದೊಡನೆ ಕಾವೇರಿಗೆ ಹೋಯಿತೆಂದು ದುಃಖಪಡಬಹುದಲ್ಲವೆ? ಹುಡುಗನು ನಕ್ಕನು. ಬಳಿಕ ಒಳಗೆ ಹೋಗಿ, ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಕನ್ನಡದಲ್ಲಿ ಬರೆದು ಅಜ್ಜನಿಗೆ ಓದಿಹೇಳಿದನು. ಅದರಲ್ಲಿ ಓಡು ಎಂಬ ಮಾತು ಒಂದು ಕಡೆಯೂ ಇರಲಿಲ್ಲ.

ಮರುದಿನ ಯಜಮಾನರು ನಮ್ಮನ್ನು ಬಸ್ಸಿಗೆ ಹತ್ತಿಸಲು ಪೇಟೆಯವರೆಗೆ ಬಂದರು. ಮಳಿಗೆ ಎಂದಿನಂತೆ ತೆರೆದಿತ್ತು. ಒಳಗೆ ಹೋಗಿ ಎಲೆಯಡಕೆ ಕೊಂಡು, ವ್ಯಾಪಾರಿಯ ಮಕ್ಕಳ ಕ್ಷೇಮವನ್ನು ವಿಚಾರಿಸಿದರು. ಬೀಗದ ವಿಚಾರವು ಅವನಿಗೆ ತಿಳಿದೇ ಇರಲಿಲ್ಲ.