ಮಗಳ ಓಟ ಏಳನೇ ತರಗತಿಗೇಕೆ ನಿಲ್ಲಬೇಕು?



ಹೆಣ್ಣುಮಕ್ಕಳ ಶಿಕ್ಷಣದ ಕುರಿತು ನಾವು ಬಹಳಷ್ಟು ಚರ್ಚಿಸಿದ್ದೇವೆ. ಅದರ ಫಲವೂ ಕಣ್ಣಮುಂದಿದೆ. ಆದರೆ ಅದೇ ಮಗಳ ದೇಹದ ಬಗ್ಗೆ ನಾವು ಯೋಚಿಸುವುದು ಆಕೆ ಕಾಯಿಲೆ ಬಿದ್ದಾಗ ಅಥವಾ ವಿವಾಹದ ಮಾತು ಬಂದಾಗ ಮಾತ್ರ. ಐದನೇ ತರಗತಿಯವರೆಗೆ ಓಣಿಯಲ್ಲಿ ತಮ್ಮಂದಿರೊಂದಿಗೆ ಓಡಿದವಳು ಏಳನೇ ತರಗತಿಗೆ ಬರುವಷ್ಟರಲ್ಲಿ ಮನೆಯೊಳಗೆ ಸೇರಿರುತ್ತಾಳೆ. ಓಡಬೇಡವೆಂದು ಯಾರೂ ಆಜ್ಞಾಪಿಸಿರುವುದಿಲ್ಲ. ಸ್ಥಳವಿಲ್ಲ, ಜೊತೆಯಿಲ್ಲ, ಸಮಯವಿಲ್ಲ, ಅಷ್ಟೆ. ತಮ್ಮ ಮಾತ್ರ ಬ್ಯಾಟು ಹಿಡಿದು ಹೊರಡುತ್ತಾನೆ.

ಇದು ನಮ್ಮ ಮನೆಗಳದ್ದಷ್ಟೇ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2016ರಲ್ಲಿ ಜಗತ್ತಿನ 11ರಿಂದ 17ರ ವಯಸ್ಸಿನ ಹುಡುಗಿಯರಲ್ಲಿ ಶೇ. 85 ಮಂದಿಗೆ ಅಗತ್ಯವಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇ. 78. ಎಲ್ಲೆಡೆಯೂ ಹೀಗೆಯೇ ಎಂಬುದು ನಮಗೆ ಸಮಾಧಾನವಾಗಬಾರದು.

ಧರ್ಮವನ್ನು ಅಡ್ಡ ತರುವವರಿಗೆ ಒಂದು ಮಾತು. ಪ್ರಯಾಣವೊಂದರಲ್ಲಿ ಪ್ರವಾದಿ ಮುಹಮ್ಮದ್(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು. ಆಯಿಶಾ(ರ) ಗೆದ್ದರು. ಮುಂದೊಮ್ಮೆ, ಅವರ ಮೈ ತುಂಬಿಕೊಂಡಿದ್ದ ಕಾಲದಲ್ಲಿ ಮತ್ತೆ ಓಡಿದಾಗ ಪ್ರವಾದಿಯವರು ಗೆದ್ದು, ಅಂದಿನ ಸೋಲಿಗೆ ಇದು ಸಮವಾಯಿತೆಂದು ವಿನೋದವಾಡಿದರು. ಅಬೂದಾವೂದ್‌ನ ಈ ಹದೀಸನ್ನು ನಾವು ದಾಂಪತ್ಯದ ಸೊಬಗಿಗೆ ಉದಾಹರಿಸುತ್ತೇವೆ. ಓಡಿದ್ದು ಒಬ್ಬ ಮಹಿಳೆ ಎಂಬುದು ಮಾತ್ರ ನಮ್ಮ ಗಮನಕ್ಕೆ ಬರುವುದಿಲ್ಲ.

1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಪಿ.ಟಿ. ಉಷಾರ ಕಂಚು ಕೈತಪ್ಪಿದ್ದು ನಮ್ಮಲ್ಲಿ ಹಲವರಿಗೆ ಗೊತ್ತು. ಅದೇ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದವರಾರು? ಮೊರೊಕ್ಕೋದ ನವಾಲ್ ಅಲ್ ಮುತವಕ್ಕಿಲ್, ಕಾಸಾಬ್ಲಾಂಕಾದ ಮುಸ್ಲಿಮ್ ಯುವತಿ. ಮುಂದೆ ಆಕೆ ತಮ್ಮ ದೇಶದ ಕ್ರೀಡಾ ಸಚಿವೆಯೂ ಆದರು. ಆದರೆ ನಮಗೆ ಹೆಚ್ಚು ಹಿಡಿಸುವುದು 1993ರಲ್ಲಿ ಅವರು ತಮ್ಮ ಊರಿನಲ್ಲಿ ಆರಂಭಿಸಿದ ಮಹಿಳೆಯರ ಓಟ. ಪದಕದ ಹಂಗಿಲ್ಲದ ಸಾಮಾನ್ಯ ಸ್ತ್ರೀಯರು ಸಾವಿರಾರು ಸಂಖ್ಯೆಯಲ್ಲಿ ಅದರಲ್ಲಿ ಓಡಿದ್ದಾರೆ.

ನಾವು ಕೇಳುತ್ತಿರುವುದೂ ಅಂಥದ್ದನ್ನೇ. ಎರಡು ನಿಮಿಷಕ್ಕೆ ಏದುಸಿರು ಬಿಟ್ಟವಳು ಎರಡು ತಿಂಗಳ ಬಳಿಕ ಹತ್ತು ನಿಮಿಷ ಓಡಿದಾಗ ಆಕೆಗೆ ತನ್ನ ಬಗ್ಗೆ ಒಂದು ಸಂಗತಿ ತಿಳಿಯುತ್ತದೆ. ಅದನ್ನು ಪರೀಕ್ಷೆಯ ಅಂಕಗಳಾಗಲಿ ನಮ್ಮ ಹೊಗಳಿಕೆಯಾಗಲಿ ತಿಳಿಸಿಕೊಡಲಾರವು. ಕನ್ನಡಿಯೆದುರು ಕೊರಗುವ ಆ ವಯಸ್ಸಿನಲ್ಲಿ, ಈ ಕಾಲುಗಳ ಬಲ ತನ್ನದೇ ಎಂಬ ಅರಿವು ಸಣ್ಣದಲ್ಲ.

ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅಂಥವಳು ಬೇಗ ದಣಿಯುತ್ತಾಳೆ, ನಾವು ಸೋಮಾರಿ ಎಂದುಬಿಡುತ್ತೇವೆ. ಬಿರಿಯಾನಿಯ ದೊಡ್ಡ ತುಂಡು ಮೊದಲು ಯಾರ ತಟ್ಟೆಗೆ ಬೀಳುತ್ತದೆಂಬುದನ್ನೂ ಸ್ವಲ್ಪ ಗಮನಿಸೋಣ.

ಉಳಿದದ್ದು ಕಷ್ಟವಲ್ಲ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಓಡುತ್ತಾ ಮಾತಾಡಲು ಸಾಧ್ಯವಾಗುವಷ್ಟೇ ವೇಗ ಸಾಕು. ಸಡಿಲವಾದ ಹತ್ತಿಯ ಉಡುಪು, ಕಾಲಿಗೊಪ್ಪುವ ಶೂ. ಶಾಲೆಯ ಮೈದಾನವನ್ನು ಬೆಳಿಗ್ಗೆ ಒಂದು ಗಂಟೆ ಹುಡುಗಿಯರಿಗೆ ಬಿಟ್ಟುಕೊಡುವಂತೆ ಜಮಾಅತ್ ಕಮಿಟಿಯವರು ಮುಖ್ಯೋಪಾಧ್ಯಾಯರನ್ನು ಕೇಳಬಹುದು. ಫಜ್ರ್ ನಮಾಝಿನ ಬಳಿಕ ನಾಲ್ವರು ತಾಯಂದಿರು ಜೊತೆಗೆ ಬಂದರೆ ಕಾವಲಿನ ಪ್ರಶ್ನೆ ಬಗೆಹರಿಯಿತು. ಬಂದವರು ಗೇಟಿನ ಬಳಿ ನಿಲ್ಲದೆ ತಾವೂ ನಾಲ್ಕು ಸುತ್ತು ನಡೆಯಲಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಅವರಲ್ಲೂ ಇದ್ದಾರೆ.