ಉಮ್ಮನ ತಡ್ಪೆ, ತಂದೆಯ ಲೆಕ್ಕಪುಸ್ತಕ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಸಲಾತ್ ಮತ್ತು ಸಲಾಮ್ ಇರಲಿ.



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಹಳೆಯ ಮನೆಗಳ ಅಟ್ಟದಲ್ಲೋ ಕಪಾಟಿನ ಮೇಲೋ ಕೆಲವು ವಸ್ತುಗಳು ಇದ್ದೇ ಇರುತ್ತವೆ. ಬೀಡಿ ಕಟ್ಟುತ್ತಿದ್ದ ಉಮ್ಮನ ತಡ್ಪೆ, ಎಲೆ ಕತ್ತರಿಸುತ್ತಿದ್ದ ಕತ್ತರಿ, ಅಳತೆಯ ತಗಡು, ಬ್ರಾಂಚಿನಲ್ಲಿ ಬರೆದುಕೊಟ್ಟ ಪಾಸ್ ಪುಸ್ತಕ. ತಂದೆಯ ಅಂಗಡಿಯ ಲೆಕ್ಕಪುಸ್ತಕ, ಗಲ್ಫಿಗೆ ಹೋಗಿ ಬಂದ ಹಳೆಯ ಪಾಸ್‌ಪೋರ್ಟ್, ಕೈಗಡಿಯಾರ. ಹೆತ್ತವರು ತೀರಿಹೋದ ಮೇಲೆ ಕೆಲವರು ಇವನ್ನು ಗುಜರಿಗೆ ಹಾಕುತ್ತಾರೆ, ಕೆಲವರು ನೆನಪಿಗೆಂದು ಎತ್ತಿಡುತ್ತಾರೆ. ಎತ್ತಿಡುವುದು ಒಳ್ಳೆಯದೇ. ಆದರೆ ಇವುಗಳಲ್ಲಿ ನೆನಪಿನ ಜೊತೆ ಹಕ್ಕುಗಳೂ ಇವೆ ಎಂಬುದನ್ನು ನಾವು ಮರೆಯಬಾರದು.

ಮೊದಲನೆಯದು, ದುಡಿಮೆಗೆ ಸಲ್ಲಬೇಕಾದ ಗೌರವ. ತನ್ನ ಕೈಯಾರೆ ದುಡಿದು ಉಣ್ಣುವ ಅನ್ನಕ್ಕಿಂತ ಉತ್ತಮವಾದ ಅನ್ನವಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದರು. ಅದಕ್ಕೆ ದಾವೂದ್(ಅ)ರನ್ನೇ ಉದಾಹರಣೆಯಾಗಿ ತೋರಿಸಿದರು. ಅವರು ಪ್ರವಾದಿ, ಜೊತೆಗೆ ಅರಸ. ಆದರೂ ಕೈಯಾರೆ ದುಡಿದು ಉಂಡವರು. ಸಾವಿರ ಬೀಡಿ ಎಂದರೆ 25ರಂತೆ 40 ಕಟ್ಟು. ಮನೆಕೆಲಸ, ಮಕ್ಕಳು, ನಮಾಝ್ ಎಲ್ಲದರ ನಡುವೆ ನಮ್ಮ ಉಮ್ಮಂದಿರು ತಡ್ಪೆಯನ್ನು ಮಡಿಲಲ್ಲಿಟ್ಟು ಅದನ್ನು ಮುಗಿಸಿದವರು. ರೇಷನ್ ಅಕ್ಕಿ, ಶಾಲೆಯ ಫೀಸು, ಮಗಳ ಮದುವೆ ಎಲ್ಲದರಲ್ಲೂ ಆ ಬೆರಳುಗಳ ಪಾಲಿದೆ. ಬೀಡಿ ಸೇದುವುದರ ಹಾನಿ ನಮಗೆ ಗೊತ್ತು. ಹೆಣ್ಣುಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗುತ್ತಿರುವುದು ಸಂತೋಷದ ವಿಷಯವೇ. ಆದರೆ ಸಂಬಂಧ ನೋಡಲು ಬರುವವರ ಕಣ್ಣಿಗೆ ಬೀಳಬಾರದೆಂದು ಉಮ್ಮನ ತಡ್ಪೆಯನ್ನು ಅಡಗಿಸಿಡುವುದು ಕೃತಘ್ನತೆ.

ಎರಡನೆಯದು, ಪಾಸ್ ಪುಸ್ತಕ. ಮನೆಯಲ್ಲೇ ಕೂತು ಬೀಡಿ ಕಟ್ಟುವವರೂ ಕಾರ್ಮಿಕರೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಒಪ್ಪಿಕೊಂಡಿತು. ಮಂಗಳೂರಿನಿಂದಲೇ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಮುಂದೆ ಬೀಡಿ ಕಾರ್ಮಿಕರಿಗೆ ಭವಿಷ್ಯನಿಧಿಯೂ ಬಂತು. ಪಿಂಚಣಿ ಯೋಜನೆಯಲ್ಲಿದ್ದು ಹತ್ತು ವರ್ಷದ ಸೇವೆ ದಾಖಲಾಗಿದ್ದರೆ 58 ತುಂಬಿದವರಿಗೆ ತಿಂಗಳ ಪಿಂಚಣಿಗೆ ಹಕ್ಕಿದೆ. ಆದ್ದರಿಂದ ಉಮ್ಮನ ಪಾಸ್ ಪುಸ್ತಕ, ಪಿ.ಎಫ್. ಚೀಟಿ, ಗುರುತಿನ ಚೀಟಿಗಳನ್ನು ಒಲೆಗೆ ಹಾಕಬೇಡಿ. ಹೆಸರಿನಲ್ಲಿ, ಹುಟ್ಟಿದ ತಾರೀಖಿನಲ್ಲಿ ವ್ಯತ್ಯಾಸವಿದ್ದರೆ ಅವರು ಬದುಕಿರುವಾಗಲೇ ಕಚೇರಿಗೆ ಕರೆದುಕೊಂಡು ಹೋಗಿ ಸರಿಪಡಿಸಿಕೊಡಿ. ಅದೂ ತಾಯಿಯ ಸೇವೆಯೇ. ಅವರು ತೀರಿಹೋದ ಬಳಿಕ ಪಿ.ಎಫ್. ಹಣ ನಾಮಿನಿಯ ಕೈಗೆ ಬಂದರೆ ಅದು ಅವನೊಬ್ಬನದೇ ಎಂದು ತಿಳಿಯಬೇಡಿ. ಉಲಮಾಗಳನ್ನು ಕೇಳಿ, ಹಕ್ಕುದಾರರಿಗೆಲ್ಲ ಅವರವರ ಪಾಲು ತಲುಪಿಸಿ.

ಮೂರನೆಯದು, ತಂದೆಯ ಲೆಕ್ಕಪುಸ್ತಕ. ವಾರೀಸು ಪಾಲಾಗುವುದು ವಸಿಯ್ಯತ್ ಮತ್ತು ಸಾಲ ತೀರಿದ ಬಳಿಕವೇ ಎಂದು ಅಲ್ಲಾಹನು ಸೂರಃ ಅನ್ನಿಸಾದಲ್ಲಿ ಮತ್ತೆ ಮತ್ತೆ ಎಚ್ಚರಿಸಿದ್ದಾನೆ. ಝುಬೈರ್ ಬಿನ್ ಅವ್ವಾಮ್(ರ) ತೀರಿಕೊಂಡಾಗ ಅವರ ಮೇಲೆ 22 ಲಕ್ಷದಷ್ಟು ಸಾಲವಿತ್ತು. ಅವರು ದುಂದುಗಾರರಾಗಿರಲಿಲ್ಲ. ಜನರು ಅಮಾನತ್ತಾಗಿ ಇಡಲು ತಂದ ಹಣ ಕಳೆದುಹೋದೀತೆಂಬ ಭಯದಿಂದ ಅದನ್ನು ತಮ್ಮ ಮೇಲಿನ ಸಾಲವೆಂದೇ ಬರೆದುಕೊಳ್ಳುತ್ತಿದ್ದರು. ಮಗ ಅಬ್ದುಲ್ಲಾಹ್(ರ) ಆಸ್ತಿ ಮಾರಿ ಸಾಲ ತೀರಿಸಿದರು. ಒಡಹುಟ್ಟಿದವರು ಪಾಲು ಕೇಳಿದಾಗ ಕೂಡಲೇ ಹಂಚಲಿಲ್ಲ. ತಂದೆಯಿಂದ ಯಾರಿಗಾದರೂ ಬರಬೇಕಾದದ್ದಿದ್ದರೆ ಬನ್ನಿ ಎಂದು ನಾಲ್ಕು ವರ್ಷ ಹಜ್ಜ್ ಕಾಲದಲ್ಲಿ ಸಾರಿಸಿದರು. ಆ ಮೇಲೆಯೇ ಪಾಲು ಮಾಡಿದರು. ನಮ್ಮ ತಂದೆಯ ಪುಸ್ತಕದಲ್ಲಿ ಅಡಿಕೆ ಕೊಟ್ಟ ಕೃಷಿಕನ ಬಾಕಿ ಇರಬಹುದು, ಕೂಲಿಯವನ ಎರಡು ದಿನದ ಸಂಬಳ ಇರಬಹುದು. ಅವನು ಯಾವ ಧರ್ಮದವನೇ ಆಗಿರಲಿ, ಹುಡುಕಿಕೊಂಡು ಹೋಗಿ ಕೊಡಬೇಕು. ತಂದೆಗೆ ಬರಬೇಕಾದ ಬಾಕಿಯೂ ಅದರಲ್ಲಿದ್ದೀತು. ಕೊಡಲಾಗದ ಬಡವರಿದ್ದರೆ ವಾರೀಸುದಾರರು ಮಾತಾಡಿಕೊಂಡು, ತಮ್ಮ ಇಷ್ಟದಿಂದ ಮನ್ನಾ ಮಾಡಿದರೆ ಅದು ದೊಡ್ಡ ಪುಣ್ಯ.

ನಾಲ್ಕನೆಯದು, ಆ ವಸ್ತುಗಳೇ. ಕೈಗಡಿಯಾರವಾಗಲಿ, ಹೊಲಿಗೆ ಯಂತ್ರವಾಗಲಿ, ಸಣ್ಣ ಕತ್ತರಿಯಾಗಲಿ ಎಲ್ಲವೂ ವಾರೀಸಿನ ಸೊತ್ತು. ದೊಡ್ಡ ಮಗ ಕೇಳದೆ ಎತ್ತಿಕೊಳ್ಳುವಂತಿಲ್ಲ. ಮದುವೆಯಾಗಿ ಹೋದ ತಂಗಿಗೆ ಇದರಲ್ಲೇನಿದೆ ಎನ್ನುವಂತಿಲ್ಲ. ಅವಳ ಹಕ್ಕನ್ನು ನಿಗದಿಪಡಿಸಿದವನು ಅಲ್ಲಾಹನು. ಎಷ್ಟೋ ಮನೆಗಳಲ್ಲಿ ಜಾಗದ ಜಗಳಕ್ಕಿಂತ ಮೊದಲು ಮನಸ್ಸು ಮುರಿಯುವುದು ಇಂಥ ಸಣ್ಣ ವಸ್ತುವಿನಿಂದಲೇ. ಎಲ್ಲರೂ ಒಟ್ಟಿಗೆ ಕೂತು, ಯಾರಿಗೆ ಯಾವುದು ಎಂದು ಮನಃಪೂರ್ವಕ ಒಪ್ಪಿಗೆಯಿಂದ ತೀರ್ಮಾನಿಸಿ. ವಾರೀಸುದಾರರಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಪಾಲನ್ನು ಬಿಟ್ಟುಕೊಡುವ ಅಧಿಕಾರ ದೊಡ್ಡವರಿಗಿಲ್ಲ. ಅದಕ್ಕೆ ಬೆಲೆ ಕಟ್ಟಿ ಅವರ ಹೆಸರಿಗೆ ತೆಗೆದಿಡಿ.

ಸಹೋದರರೇ, ಇಷ್ಟೆಲ್ಲ ಮುಗಿದ ಮೇಲೆ ಉಳಿದ ತಡ್ಪೆಯನ್ನು, ಕತ್ತರಿಯನ್ನು ಸಂತೋಷದಿಂದ ಮನೆಯಲ್ಲಿಟ್ಟುಕೊಳ್ಳಿ. ಮೊಮ್ಮಕ್ಕಳು ಇದೇನೆಂದು ಕೇಳಿದಾಗ, ನಿಮ್ಮ ಅಪ್ಪ ಓದಿದ್ದು ಇದರಿಂದ ಎಂದು ಹೇಳಿ, ಅವರ ಕೈಯಿಂದಲೂ ಅಜ್ಜಿಗೊಂದು ದುಆ ಮಾಡಿಸಿ. ತೀರಿದವರ ಕರ್ಮಗಳು ನಿಂತರೂ ಸಜ್ಜನ ಸಂತಾನದ ಪ್ರಾರ್ಥನೆ ಅವರನ್ನು ತಲುಪುತ್ತಿರುತ್ತದೆ.

ನಮ್ಮ ಹೆತ್ತವರ ಬೆವರನ್ನು ಅಲ್ಲಾಹನು ಸ್ವೀಕರಿಸಲಿ, ಅವರ ಕಬರ್‌ಗಳನ್ನು ಬೆಳಗಿಸಲಿ, ಅವರ ಬಾಕಿಗಳನ್ನು ತೀರಿಸುವ ತೌಫೀಕನ್ನು ನಮಗೆ ಕರುಣಿಸಲಿ. ಆಮೀನ್.