ಬರಾನಗರದಿಂದ ಹೊಸೂರಿಗೆ: ಗುಣಮಟ್ಟದ ಸುತ್ತುದಾರಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉದ್ಯಮಗಳ ಗುಣಮಟ್ಟವೆಂದೊಡನೆ ನಮ್ಮ ಕಣ್ಣು ಜಪಾನಿನತ್ತ ಹೊರಳುತ್ತದೆ. ಈ ನಗರದ ಉತ್ತರದ ಅಂಚಿನಲ್ಲಿರುವ ಬರಾನಗರದತ್ತ ಹೊರಳುವುದಿಲ್ಲ. ಪ್ರಶಾಂತಚಂದ್ರ ಮಹಲನೋಬಿಸರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇರುವುದು ಅಲ್ಲಿಯೇ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು 1941ರಲ್ಲಿ ಕಲ್ಕತ್ತೆಗೆ ಬಂದು ಸೇರಿದ್ದೂ ಈ ಸಂಸ್ಥೆಯನ್ನೇ. (ಸಾಮಾನುಗಳ ಮೇಲಿನ ಐ.ಎಸ್.ಐ. ಮುದ್ರೆ ಬೇರೆ ಸಂಸ್ಥೆಯದು. ಹೆಸರಿನ ಮೊದಲಕ್ಷರಗಳಷ್ಟೇ ಒಂದು.) ನಿಯಂತ್ರಣ ನಕ್ಷೆಯ ಜನಕ ವಾಲ್ಟರ್ ಶೆವ್‌ಹಾರ್ಟ್ ಮಹಲನೋಬಿಸರ ಆಹ್ವಾನದಂತೆ 1947-48ರಲ್ಲಿ ಭಾರತಕ್ಕೆ ಬಂದಿದ್ದರು.

ಆ ನಕ್ಷೆಯ ತತ್ತ್ವ ನಮ್ಮ ಅಡುಗೆಮನೆಗೆ ಹೊಸತಲ್ಲ. ಒಂದೇ ಹಿಟ್ಟು, ಒಂದೇ ಕಾವಲಿ, ಒಂದೇ ಕೈ. ಆದರೂ ಎರಡು ದೋಸೆಗಳು ಒಂದೇ ಅಳತೆಗೆ ಬರುವುದಿಲ್ಲ. ಈ ಸಹಜ ಏರುಪೇರಿಗೆ ಯಾರನ್ನೂ ಗದರಿಸಿ ಫಲವಿಲ್ಲ. ಒಂದು ದೋಸೆ ಥಟ್ಟನೆ ಸೀದುಹೋದರೆ ಉರಿಯಲ್ಲೋ ಹಿಟ್ಟಿನಲ್ಲೋ ಏನೋ ಬದಲಾಗಿದೆ ಎಂದರ್ಥ. ಹಾಗೆಯೇ ಯಂತ್ರದ ಬಳಿ ನಿಂತವನು ಆಗಾಗ ಕೆಲವು ಬಿಡಿಭಾಗಗಳನ್ನು ಅಳೆದು ಹಾಳೆಯ ಮೇಲೆ ಚುಕ್ಕೆಯಿಡುತ್ತಾನೆ. ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವೆ ಚುಕ್ಕೆಗಳು ಅಡ್ಡಾಡುತ್ತಿರುವವರೆಗೆ ಯಂತ್ರವನ್ನು ಮುಟ್ಟಬಾರದು. ಗೆರೆ ದಾಟಿದೊಡನೆ ಕಾರಣ ಹುಡುಕಬೇಕು. ಆ ಗೆರೆಗಳನ್ನು ನಿರ್ಧರಿಸುವುದು ಯಜಮಾನನ ಆಸೆಯಲ್ಲ, ಆ ಕೆಲಸದ್ದೇ ಹಿಂದಿನ ಅಳತೆಗಳು. ಹೀಗೆ ಗುಣಮಟ್ಟದ ಹೊಣೆ ಬಾಗಿಲಲ್ಲಿ ನಿಂತ ತಪಾಸಣೆಗಾರನಿಂದ ಕಾರ್ಮಿಕನ ಕೈಗೆ ಬಂತು.

ಚುಕ್ಕೆ ಗೆರೆ ದಾಟಿದ್ದನ್ನು ಕಂಡ ಮೇಲಧಿಕಾರಿ ಏನು ಮಾಡುತ್ತಾನೆ? ಕಾರಣ ಕೇಳಿದರೆ ನಾಳೆಯೂ ನಿಜವಾದ ಚುಕ್ಕೆ ಬೀಳುತ್ತದೆ. ಕೂಲಿ ಮುರಿದುಕೊಂಡರೆ ನಾಳೆಯಿಂದ ಎಲ್ಲ ಚುಕ್ಕೆಗಳೂ ಗೆರೆಯೊಳಗೇ ಇರುತ್ತವೆ, ಮಾಲು ಮಾತ್ರ ಕೆಟ್ಟಿರುತ್ತದೆ. ಗುಣಮಟ್ಟದ ಸಂಸ್ಕೃತಿ ಎಂಬ ದೊಡ್ಡ ಮಾತಿಗೆ ನಾನು ಕಾಣುವ ಅರ್ಥ ಇಷ್ಟೇ.

ಶೆವ್‌ಹಾರ್ಟರಿಂದ ಕಲಿತ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನಲ್ಲಿ ಉಪನ್ಯಾಸ ಕೊಟ್ಟಾಗ ಎಂಜಿನಿಯರುಗಳಷ್ಟೇ ಅಲ್ಲ, ಕಂಪನಿಗಳ ಮುಖ್ಯಸ್ಥರೂ ಕುಳಿತು ಕೇಳಿದರು. ಮರುವರ್ಷವೇ ಅವರ ಹೆಸರಿನ ಪ್ರಶಸ್ತಿ ಆರಂಭವಾಯಿತು. ಯುದ್ಧದಲ್ಲಿ ಸೋತ ಆ ದೇಶಕ್ಕೆ ರಫ್ತಿಲ್ಲದೆ ಗತ್ಯಂತರವಿರಲಿಲ್ಲ. ನಮ್ಮಲ್ಲೂ 1950ರ ದಶಕದಲ್ಲಿ ಬರಾನಗರದ ಸಂಸ್ಥೆ ಮುಂಬಯಿ, ಬೆಂಗಳೂರು, ಕಲ್ಕತ್ತೆಗಳಲ್ಲಿ ಗುಣನಿಯಂತ್ರಣ ಘಟಕಗಳನ್ನು ತೆರೆಯಿತು. ಮುಂದೆ ಜಗತ್ತಿನಲ್ಲೇ ಹೆಸರಾದ ಜಪಾನಿನ ಗೆನಿಚಿ ತಗುಚಿ 1954-55ರಲ್ಲಿ ಈ ಸಂಸ್ಥೆಯಲ್ಲಿದ್ದು ಹೋದವರು. ನಮಗೆ ವಿದ್ಯೆಯ ಕೊರತೆಯಿರಲಿಲ್ಲ. ಆದರೆ ಲೈಸೆನ್ಸಿನ ಆ ಕಾಲದಲ್ಲಿ ಸ್ಕೂಟರಿಗಾಗಿ ವರ್ಷಗಟ್ಟಲೆ ಕಾದ ಗಿರಾಕಿ, ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದ. ಮಾಲೀಕ ಚುಕ್ಕೆಗಳನ್ನೇಕೆ ನೋಡಿಯಾನು?

1991ರ ನಂತರ ಗಿರಾಕಿಗೆ ಆಯ್ಕೆ ಹೆಚ್ಚಿತು. 1998ರಲ್ಲಿ ಚೆನ್ನೈಯ ಸುಂದರಂ-ಕ್ಲೇಟನ್ನಿನ ಬ್ರೇಕ್ ವಿಭಾಗಕ್ಕೂ 2002ರಲ್ಲಿ ಟಿ.ವಿ.ಎಸ್. ಮೋಟರಿಗೂ ಡೆಮಿಂಗ್ ಪ್ರಶಸ್ತಿ ಬಂತು. ಟಿ.ವಿ.ಎಸ್. ಮೋಟರಿನ ಕಾರ್ಖಾನೆಯಿರುವ ಹೊಸೂರು ನಮ್ಮ ಗಡಿಯಾಚೆಗಿನ, ಇಂದಿಗೂ ಕನ್ನಡ ಕಿವಿಗೆ ಬೀಳುವ ಊರು. ಕಲ್ಕತ್ತೆಗೆ ಅಂದೇ ಬಂದಿದ್ದ ವಿದ್ಯೆ ಟೋಕಿಯೋ ಸುತ್ತಿ, ಅರ್ಧ ಶತಮಾನದ ಮೇಲೆ ಅಲ್ಲಿ ಮನ್ನಣೆ ಪಡೆಯಿತು.

ಆದರೆ ಪೈಪೋಟಿಯೊಂದೇ ಸಾಲದು. ಟೊಯೋಟಾ ಪದ್ಧತಿಯಲ್ಲಿ ದೋಷ ಕಂಡ ಕಾರ್ಮಿಕ ಹಗ್ಗವೊಂದನ್ನು ಎಳೆದರೆ ಉತ್ಪಾದನೆಯ ಸಾಲೇ ನಿಲ್ಲಬಹುದು. ಗೋಡೆಗೆ ಬರೆಸಿದ ಘೋಷಣೆಗಳಿಗಿಂತ ಆ ಹಗ್ಗದ ಮೇಲೆ ನನಗೆ ನಂಬಿಕೆ ಹೆಚ್ಚು. ಅದೇ ಕಂಪನಿಯ ಬಿಡದಿ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಕಾರ್ಮಿಕನೊಬ್ಬನ ಅಮಾನತಿನಿಂದ ಹೊತ್ತಿದ ವಿವಾದ ಧರಣಿ, ಲಾಕೌಟುಗಳವರೆಗೆ ಹೋಗಿ ತಿಂಗಳುಗಟ್ಟಲೆ ನಡೆಯಿತು. ಕೆಲಸದ ಹೊರೆ ಮಿತಿಮೀರಿದೆ ಎಂಬುದು ಕಾರ್ಮಿಕರ ದೂರು. ಅಶಿಸ್ತು ಎಂಬುದು ಆಡಳಿತವರ್ಗದ ವಾದ. ಯಾರ ಕಡೆ ಎಷ್ಟು ನ್ಯಾಯವಿತ್ತೆಂದು ಇಲ್ಲಿ ನಿಂತು ತೀರ್ಪು ಕೊಡಲಾರೆ. ಬಿಡಿಭಾಗದ ದೋಷಕ್ಕಾದರೆ ಹಗ್ಗವಿದೆ. ದೋಷವಿರುವುದು ಕೆಲಸದ ವೇಗದಲ್ಲೇ ಎಂದು ಕಾರ್ಮಿಕನಿಗೆ ಅನ್ನಿಸಿದಾಗ ಅವನು ಯಾವುದನ್ನು ಎಳೆಯಬೇಕು? ಈ ಸಭೆಯಲ್ಲಿ ಕಾರ್ಖಾನೆಗಳ ಅಧಿಕಾರ ವಹಿಸಿದವರೂ ಸಂಘಗಳಲ್ಲಿ ದುಡಿದವರೂ ಇದ್ದೀರಿ. ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಬೇಕೆಂದು ಕೋರುತ್ತೇನೆ.